ಸವೆದ ಶಟರು, ಕಾಣದೆ ಹೋದ ಸುಣ್ಣದ ಗೆರೆ

ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದೆ. ಹೊಸ ಜೋಳ, ಹರಳು ಬಹಳ ಇದ್ದವು. ಆಗ ಅಮರೇಶನ ಫೋನು ಬಂತು. ಅಮರೇಶ ನನ್ನ ನಾದಿನಿಯ ಮಗ, ದೇವದುರ್ಗದವನು. ನಾನು ಕೆಲಸ ಮಾಡುತ್ತಿದ್ದ, ಜಾಗ ಅಳೆಯುವ ಮೋಜಣಿ ತಂಡದಲ್ಲಿ ಡ್ರೋನು ಹಾರಿಸುವವನು ಅವನೇ.

“ಅತ್ತೀ, ಮಲ್ಲಟದಾಗ ಒಬ್ಬ ಹೆಣ್ಣಮಗಳು ಪಂಚಾಯ್ತಿ ಮುಂದ ಕುಂತಾಳ. ನಕ್ಷೆ ಅಂಟಿಸಿದ ಗ್ವಾಡಿಗೆ ಬೆನ್ನು ಹಚ್ಚಿ. ಯಾರು ಹೇಳಿದ್ರೂ ಏಳವಲ್ಲಳು.”

“ಯಾಕಂತ?”

“ನನ್ನ ಅಂಗಳ ಎಲ್ಲಿಟ್ರಿ, ಹುಡುಕಿ ಕೊಡ್ರಿ ಅಂತಾಳ.”

ಮೊರ ಕೆಳಗಿಟ್ಟೆ. ಆ ನಕ್ಷೆ ನಮ್ಮ ತಂಡ ತೆಗೆದ ಫೋಟೋಗಳಿಂದ ಆದದ್ದು.

ಮುಂದಿನದನ್ನು ಹೇಳುವ ಮೊದಲು ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳಿಬಿಡುತ್ತೇನೆ. ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು ಈಗ ಡ್ರೋನು ಹಾರಿಸುವುದನ್ನು ಕಲಿಯಲು ಹೋಗುತ್ತಾರೆ. “ಚಿಗವ್ವಾ, ನೀ ಮಾಡಿದ ಕೆಲಸ ಹೆಂಗಿತ್ತು, ಬರದು ಕೊಡು. ಅಲ್ಲಿ ಬರೇ ಹಾರಸೋದು ಹೇಳ್ತಾರ, ಎಡವೋದು ಯಾರೂ ಹೇಳಂಗಿಲ್ಲ” ಎಂದು ಗಂಟುಬಿದ್ದಿದ್ದಾರೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಾನು ಆ ಕೆಲಸ ಬಿಟ್ಟೆ. ಪೊರೆ ತೆಗೆದ ಡಾಕ್ಟರು ಒಳ್ಳೆಯವರು, ಕಣ್ಣು ಉಳಿದವು, ಸೂಜಿಗೆ ದಾರ ಇನ್ನೂ ನಾನೇ ಪೋಣಿಸುತ್ತೇನೆ. ಇದೇನು ಕಡಿಮೆ ಪುಣ್ಯವಲ್ಲ. ಆದ್ದರಿಂದ ಕೂತು ಬರೆಯುವುದಕ್ಕೆ ತಕರಾರಿಲ್ಲ.

ನಾನು ಕಲಿತದ್ದು ಹತ್ತನೆಯ ತರಗತಿ. ರಾಯಚೂರಿನಲ್ಲಿ ನಮ್ಮ ಮನೆಯವರದು ಫೋಟೋ ಸ್ಟುಡಿಯೋ ಇತ್ತು. ಮದುವೆ ಫೋಟೋಗಳನ್ನು ಆಲ್ಬಮ್ಮಿಗೆ ಅಂಟಿಸುವುದು, ಮುಂದೆ ಕಂಪ್ಯೂಟರಿನಲ್ಲಿ ಮದುಮಗಳ ಮುಖದ ಕಲೆ ತೆಗೆಯುವುದು ನನ್ನ ಪಾಲಿಗಿತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಮನೆಯವರು ಪುಸ್ತಕ-ಪೆನ್ನಿನ ಅಂಗಡಿ ಹಾಕಿಕೊಂಡರು. ಖಾದರ್ ಸಾಹೇಬರು ಎಂಬುವವರು ಸರಕಾರಿ ಮೋಜಣಿದಾರರಾಗಿ ರಿಟೈರಾದವರು, ಡ್ರೋನಿನಿಂದ ಹಳ್ಳಿಗಳ ಫೋಟೋ ತೆಗೆದುಕೊಡುವ ಗುತ್ತಿಗೆ ಹಿಡಿದರು. ಅವರಿಗೆ ದಫ್ತರಕ್ಕೆ ಜಾಗ ಬೇಕಿತ್ತು. ನಮ್ಮ ಮನೆಯ ಮುಂದಿನ ಖೋಲಿ ಖಾಲಿ ಇತ್ತು. ಬಾಡಿಗೆಗೆ ಬಂದವರು ಒಂದು ದಿನ ಒಳಗೆ ಬಂದು, “ತಂಗಿ, ಫೋಟೋ ನೋಡೋ ಕಣ್ಣು ನಿನಗ ಅದ. ಅಡಗಿ ಆದಮ್ಯಾಲ ಬಂದು ಕುಂದರು” ಎಂದರು. ಕೂತೆ. ಹೀಗೆ ನನ್ನ ನೌಕರಿ ಅಡುಗೆಮನೆಯಿಂದ ಒಂದು ಗೋಡೆಯ ಆಚೆ ಶುರುವಾಯಿತು. ಒಲೆಯ ಮೇಲೆ ಬೇಳೆ ಇಟ್ಟು ಫೋಟೋ ನೋಡಿದವಳು ನಾನು. ಬೇಳೆ ಸೀದದ್ದು ಉಂಟು. ಫೋಟೋ ಬಿಟ್ಟದ್ದು ಇಲ್ಲ ಎಂದು ಸಾಹೇಬರೇ ಹೇಳುತ್ತಿದ್ದರು.

ಡ್ರೋನು ಊರಿನ ಮೇಲೆ ಹೊಲ ಉಳುವ ಹಾಗೆ ಸಾಲು ಸಾಲಾಗಿ ಹೋಗುತ್ತದೆ, ಬರುತ್ತದೆ. ಹೋಗುತ್ತ ಒಂದಾದ ಮೇಲೊಂದು ಫೋಟೋ ಹೊಡೆಯುತ್ತಲೇ ಇರುತ್ತದೆ. ಒಂದು ಫೋಟೋದ ಮೇಲೆ ಇನ್ನೊಂದು ಬಹುಪಾಲು ಕೂತಿರುತ್ತದೆ, ಮನೆಯ ಮಾಡಿನ ಹಂಚಿನ ಹಾಗೆ. ಅವನ್ನೆಲ್ಲ ಕಂಪ್ಯೂಟರು ಜೋಡಿಸಿ ಊರಿನ ಒಂದೇ ಚಿತ್ರ ಮಾಡುತ್ತದೆ. ಜೋಡಿಸುವ ಮೊದಲು ಒಂದೊಂದನ್ನೂ ನೋಡಿ ಕೆಟ್ಟದ್ದನ್ನು ಬೇರೆ ತೆಗೆಯುವುದು ನನ್ನ ಕೆಲಸ.

ಇನ್ನು ಶಟರಿನ ಮಾತು. ಅಂಗಡಿಯ ಶಟರು ದಿನಕ್ಕೊಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಅದೂ ನಾಲ್ಕಾರು ವರ್ಷಕ್ಕೆ ಕಿರುಗುಟ್ಟಿ ಎಣ್ಣೆ ಕೇಳುತ್ತದೆ. ಕ್ಯಾಮೆರಾದ ಒಳಗಿನ ಶಟರು ಈರುಳ್ಳಿ ಪೊರೆಯಷ್ಟು ತೆಳುವಾದ ಪಟ್ಟಿಗಳು. ಒಂದು ಫೋಟೋಗೆ ಒಮ್ಮೆ ತೆರೆದು ಮುಚ್ಚಬೇಕು, ಅದೂ ಕಣ್ಣಿಗೆ ಸಿಗದ ವೇಗದಲ್ಲಿ. ಮದುವೆಯ ಕ್ಯಾಮೆರಾ ಒಂದು ಹಂಗಾಮಿನಲ್ಲಿ ಹೊಡೆಯುವಷ್ಟು ಫೋಟೋ ನಮ್ಮದು ಒಂದು ದೊಡ್ಡ ಊರಿಗೇ ಹೊಡೆಯುತ್ತಿತ್ತು. ಅದರ ಮೇಲೆ ನಮ್ಮ ರಾಯಚೂರು ಬಿಸಿಲು, ಎರೆಮಣ್ಣಿನ ಧೂಳು, ಹತ್ತಿ ಬಿಡಿಸುವ ಕಾಲಕ್ಕೆ ಗಾಳಿಯಲ್ಲೆಲ್ಲ ಅರಳೆಯ ಎಳೆ. ಸವೆಯದೆ ಏನು ಮಾಡೀತು? ಶಟರಿಗೆ ಇಂತಿಷ್ಟು ಆಯುಷ್ಯ ಎಂದು ಕಂಪನಿಯವರು ಹೇಳಿಯೇ ಇರುತ್ತಾರೆ. ಅದು ಮುಗಿದ ದಿನವೇ ನಿಲ್ಲುವುದಿಲ್ಲ. ಅದೇ ಮೋಸ. ನಿಂತರೆ ಗೊತ್ತಾಗುತ್ತದೆ, ಅರೆಬರೆ ನಡೆದರೆ ಗೊತ್ತಾಗುವುದಿಲ್ಲ. ತಂಪು ಹೊತ್ತಿನಲ್ಲಿ ಸರಿ, ಬಿಸಿಲೇರಿದಾಗ ಮುಚ್ಚುವುದು ಒಂದು ಚೂರು ತಡ. ಆ ಚೂರಿಗೆ ಫೋಟೋ ಬೆಳ್ಳಗಾಗುತ್ತದೆ, ಕೆಳಗಿನದು ಎಳೆದಂತಾಗುತ್ತದೆ.

ಶಟರನ್ನು ಉಳಿಸಲು ಹೋಗಿ ಕೆಟ್ಟದ್ದೂ ಇದೆ. ಈ ಕ್ಯಾಮೆರಾಗಳಲ್ಲಿ ಪಟ್ಟಿ ಆಡಿಸದೆ ಬರೀ ಕರೆಂಟಿನ ಮೇಲೆ ಫೋಟೋ ತೆಗೆಯುವ ದಾರಿಯೂ ಇರುತ್ತದೆ. ಅಮರೇಶ ದೇವದುರ್ಗದ ಒಂದು ಓಣಿಯನ್ನು ಹಾಗೆ ತೆಗೆದ. ಅದು ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದಿಕೊಂಡು ಬರುತ್ತದೆ. ಅಷ್ಟರಲ್ಲಿ ಡ್ರೋನು ಮುಂದೆ ಹೋಗಿರುತ್ತದೆ. ಗೋಡೆಗಳೆಲ್ಲ ಓರೆಯಾಗಿ ಬಂದವು. ಅಮರೇಶ ಅದನ್ನು ತನ್ನ ಫೋನಿನಲ್ಲಿ ಆ ಓಣಿಯ ಒಬ್ಬ ಯಜಮಾನರಿಗೆ ತೋರಿಸಿದ್ದಾನೆ. ಅವರು ಮಾರನೆಯ ದಿನ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು.

“ಏನವ್ವಾ, ನನ್ನ ಮನಿ ವಾಲ್ಯಾದಂತ ತೋರಸೀರಲ್ಲ? ಮಗಳಿಗೆ ಗಂಡು ನೋಡಾಕತ್ತೀವಿ. ಬೀಗರು ಇದನ್ನ ನೋಡಿದ್ರ, ಈ ಬೀಳೋ ಮನಿ ಹುಡುಗಿ ಬ್ಯಾಡ ಅಂತಾರ!”

ಚಹಾ ಕುಡಿಸಿ, ಮತ್ತೆ ತೆಗೆಯುತ್ತೇವೆ ಎಂದು ಹೇಳಿ ಕಳಿಸಿದೆ. ಮತ್ತೆ ತೆಗೆದೆವು. ಆ ಹುಡುಗಿಯ ಲಗ್ನವೂ ಆಯಿತು, ಕಾರ್ಡು ಬಂತು. ಅಂದಿನಿಂದ ಸಾಹೇಬರು ಆ ದಾರಿ ಬಂದ್ ಮಾಡಿದರು. “ಅಳತಿ ಕೆಲಸಕ್ಕ ಪಟ್ಟಿ ಶಟರ ಬೇಕು, ಅದು ಸವದ್ರ ಹೊಸಾದು ಹಾಕಬೇಕು. ನಡುವ ಶಾಣ್ಯಾತನ ಬ್ಯಾಡ” ಎಂದರು.

ನನ್ನ ಮೇಲೂ ಒಂದು ಅಪವಾದ ಇತ್ತು. ಆಯುಧಪೂಜೆಯ ದಿನ ನಾನು ಡ್ರೋನಿಗೂ ಪೂಜೆ ಮಾಡುತ್ತಿದ್ದೆ. ವಿಭೂತಿ, ಕುಂಕುಮ, ಒಂದು ಹೂವು. ಹಚ್ಚುತ್ತಿದ್ದದ್ದು ಅದರ ಕಾಲಿಗೆ. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿಟ್ಟು ಬೇರೆ ಕೈಮುಗಿಯುತ್ತಿದ್ದೆ. ಆದರೂ ಏನೇ ಕೆಟ್ಟರೂ ಅಮರೇಶ, “ಅತ್ತಿ ಕುಂಕುಮ ಒಳಗ ಹೊಕ್ಕು ಕುಂತದ” ಎನ್ನುವನು. ನಾನು, “ನಿನ್ನ ಹಣಿಮ್ಯಾಗ ಹಚ್ಚಿದ್ದು ಇನ್ನೂ ಒಳಗ ಇಳಿದಿಲ್ಲಲೇ, ಅದರೊಳಗ ಹೆಂಗ ಇಳಿದೀತು?” ಎನ್ನುವೆ. ಇಬ್ಬರೂ ನಗುತ್ತಿದ್ದೆವು. ಹಾಗೆ ನಗುವುದು ಮಲ್ಲಟದ ಸುದ್ದಿ ಬಂದಮೇಲೆ ಕೆಲವು ದಿನ ನಿಂತಿತು.

ಮಲ್ಲಟದಲ್ಲಿ ನಾವು ಮಾಡಿದ್ದು ಗಾಂವಠಾಣಾ ಅಳತೆ, ಅಂದರೆ ಊರೊಳಗಿನ ಮನೆ, ಹಿತ್ತಲು, ಅಂಗಳಗಳ ಅಳತೆ. ಹೊಲಗಳಿಗೆ ಸರ್ವೆ ನಂಬರು ಇರುತ್ತದೆ. ಊರೊಳಗಿನ ಜಾಗಕ್ಕೆ ಎಷ್ಟೋ ಕಡೆ ಬಾಯಿಮಾತೇ ದಾಖಲೆ. ಅದಕ್ಕೆ ಡ್ರೋನು ಹಾರುವ ಮೊದಲು ಪ್ರತಿ ಮನೆಯ ಎಲ್ಲೆಯ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾರೆ. ಮೇಲಿಂದ ಬಿಳಿ ಗೆರೆ ಕಾಣಬೇಕು. ಕಂಡಂತೆ ನಕ್ಷೆ, ನಕ್ಷೆಯಂತೆ ಹಕ್ಕುಪತ್ರ. ನಾವು ಹೋದ ಊರುಗಳಲ್ಲಿ ಹಿರಿಯರು ಇದಕ್ಕೆ ತಮ್ಮದೇ ಒಂದು ಪದ್ಧತಿ ಸೇರಿಸಿದ್ದರು. ಎಲ್ಲೆ ಹಂಚಿಕೊಂಡ ಎರಡೂ ಮನೆಯವರು ಒಂದೇ ಪುಟ್ಟಿಗೆ ಕೈಹಚ್ಚಿ, ಕೂಡಿಯೇ ನಡೆದು ಸುಣ್ಣ ಉದುರಿಸಬೇಕು. ಒಬ್ಬರೇ ಹಾಕಿದ ಗೆರೆ ಗೆರೆಯಲ್ಲ. ನನಗೆ ಇದು ಬಹಳ ಹಿಡಿಸಿತ್ತು. ಸಹಿಗಿಂತ ಗಟ್ಟಿ.

ಪಂಚಾಯ್ತಿ ಮುಂದೆ ಕೂತವಳು ಹುಲಿಗೆಮ್ಮ. ಕುರಿ ಸಾಕುವ ಮನೆತನ. ಗಂಡ ತೀರಿಕೊಂಡಿದ್ದ. ಪಕ್ಕದ ಮನೆ ಮೈದುನ ಭೀಮಣ್ಣನದು. ಎರಡು ಮನೆಗಳಿಗೂ ಸೇರಿ ಒಂದೇ ಅಂಗಳ, ಅದರಲ್ಲಿ ಹುಲಿಗೆಮ್ಮನ ಕುರಿದೊಡ್ಡಿ. ಹಿರಿಯರು ಅಂಗಳವನ್ನು ಅರ್ಧ ಅರ್ಧ ಎಂದು ಹೇಳಿ, ನೆಲದಲ್ಲಿ ಹೂತ ಒರಳಿನಿಂದ ದೊಡ್ಡಿಯ ಮುಳ್ಳುಬೇಲಿಯ ತನಕ ಗೆರೆ ಹಾಕಿಸಿದ್ದರು. ಈಗ ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ ಆ ಗೆರೆಯೇ ಇಲ್ಲ. ಇಡೀ ಅಂಗಳಕ್ಕೆ ಭೀಮಣ್ಣನ ಮನೆಯ ನಂಬರು. ತಕರಾರು ಹೇಳುವ ಅವಧಿ ಮುಗಿಯುತ್ತ ಬಂದಿತ್ತು. ಆಮೇಲೆ ಸಹಿ ಬಿದ್ದರೆ ದೊಡ್ಡಿ ಹೋಯಿತು, ದೊಡ್ಡಿ ಹೋದರೆ ಕುರಿ ಕಟ್ಟಲು ಅವಳಿಗೆ ಬೇರೆ ಜಾಗವಿಲ್ಲ. ಅವಳ ಬದುಕು ಆ ಕುರಿಗಳ ಮೇಲೆ.

ಸುದ್ದಿ ಕೇಳಿ ಮಲ್ಲಟಕ್ಕೇ ಹೋಗಿದ್ದ ಅಮರೇಶ ಫೋನನ್ನು ಅವಳ ಕೈಗೆ ಕೊಟ್ಟ.

“ಯಕ್ಕಾ, ನೀನಾ ಫೋಟೋ ನೋಡಾಕಿ?”

“ಹೌದವ್ವಾ.”

“ನನ್ನ ಗೆರಿ ಕಂಡಿತೇನು?”

“ನಿಮ್ಮೂರಿನ ಫೋಟೋ ನಾ ಇನ್ನೂ ನೋಡಿಲ್ಲವ್ವಾ. ಇವತ್ತ ನೋಡ್ತೀನಿ.”

“ಎಲ್ಲಾರೂ ನನಗ, ನೀನ ಸಾರಿಸಿ ಅಳಿಸೀದಿ ಅಂತಾರ. ಅವತ್ತು ಅಮಾಸಿ ಇತ್ತು. ನಾ ಸಾರಿಸೀನಿ, ಸುಳ್ಳ ಯಾಕ ಹೇಳ್ಲಿ. ಆದ್ರ ಸುಣ್ಣ ಹಾಕೋಕಿಂತ ಮೊದಲ ಸಾರಿಸೀನಿ, ಗೆರಿ ಚಂದ ಕಾಣ್ಲಿ ಅಂತ. ಈಗ ಅವರಂದದ್ದು ಕೇಳಿ ಕೇಳಿ ನನಗ ಅನುಮಾನ ಬಂದದ ಯಕ್ಕಾ. ರೂಢಿ ಮ್ಯಾಲೆ ಕೈ ಹಂಗ ಹೋಗಿಬಿಡ್ತೇನೋ ಅಂತ.”

ಆ ಮಾತು ನನಗೆ ಕಲ್ಲಿನಂತೆ ಬಡಿಯಿತು. ಅಮಾವಾಸ್ಯೆಯ ದಿನ ಅಂಗಳ ಸಾರಿಸದ ಹೆಣ್ಣುಮಗಳು ನಮ್ಮ ಕಡೆ ಇಲ್ಲ. ಆದ್ದರಿಂದ ಆ ಆರೋಪ ಊರಿಗೆಲ್ಲ ಸುಲಭವಾಗಿ ನಂಬಿಗೆಯಾಗಿತ್ತು. ಅವಳಿಗೇ ನಂಬಿಗೆಯಾಗತೊಡಗಿತ್ತು. ಅದನ್ನು ಮೊದಲು ಹೇಳಿದವರು ಯಾರು ಎಂದು ಅಮರೇಶನನ್ನು ಕೇಳಿದೆ.

“ನಮ್ಮ ಸಾಹೇಬ್ರ ಹೇಳಿದ್ದು, ಅತ್ತಿ. ಪಂಚಾಯ್ತಿಯವ್ರು ಫೋನ್ ಮಾಡಿದ್ರಂತ. ಅಮಾಸಿ ಇತ್ತಲ್ಲ, ಸಾರಿಸಿರಬೇಕು ಅಂದ್ರಂತ.” ದನಿ ತಗ್ಗಿಸಿ ಹೇಳಿದ, “ಆದ್ರ ಅತ್ತಿ, ಅವತ್ತು ಎರಡನೇ ಸಲ ಹಾರಿಸೋ ಮುಂದ ಕೆಳಗಿಟ್ಟು ಒಂದು ಫೋಟೋ ಹೊಡದು ನೋಡಿದೆ. ಟಿಕ್ ಅನ್ನಬೇಕಾದದ್ದು ಎಳದು ಟಿ...ಕ್ ಅಂತು. ಸಾಹೇಬ್ರಿಗೆ ಅವಾಗ ಹೇಳೀನಿ. ಇದೊಂದು ಊರು ಮುಗಸು, ಆಮ್ಯಾಲೆ ಹೈದರಾಬಾದಿಗೆ ಕಳಸೋಣ ಅಂದ್ರು.”

ಮಲ್ಲಟದ ಹಾರಾಟದ ಹೊತ್ತಿಗೆ ನಾನು ಮಗಳ ಬಾಣಂತನಕ್ಕೆ ಮಾನ್ವಿಯಲ್ಲಿದ್ದೆ. ನಮಗೆ ಗುತ್ತಿಗೆ ಕೊಟ್ಟ ಮೇಲಿನ ಸರಕಾರಿ ದಫ್ತರದವರು ಅವಸರ ಮಾಡಿದ್ದರಿಂದ ಸಾಹೇಬರು ಆ ಊರಿನ ಫೋಟೋಗಳನ್ನು ಯಾರೂ ನೋಡುವ ಮೊದಲೇ ನೇರ ಕಳಿಸಿಬಿಟ್ಟಿದ್ದರು. ಜೋಡಣೆ ಅಲ್ಲಿಯೇ ಆಗಿತ್ತು. ಕ್ಯಾಮೆರಾ ಈಗ ಹೈದರಾಬಾದಿನಲ್ಲಿ ರಿಪೇರಿಗೆ ಕೂತಿತ್ತು. ಮೂಲ ಫೋಟೋಗಳ ಒಂದು ಪ್ರತಿ ನಮ್ಮ ಕಂಪ್ಯೂಟರಿನಲ್ಲಿ ಇತ್ತು, ಅದೊಂದು ದೇವರ ದಯೆ.

ಕೈತೊಳೆದು ದೇವರ ಮುಂದೆ ಒಂದು ಊದಿನಕಡ್ಡಿ ಹಚ್ಚಿ ಕೂತೆ. ಊರಿನ ಮೂಡಣ ಕಡೆಯಿಂದ ಶುರುವಾದ ಫೋಟೋಗಳು ಚೆನ್ನಾಗಿದ್ದವು. ಮೇಲ್ಮುದ್ದೆ, ಅಂದರೆ ಮಣ್ಣಿನ ಮಾಳಿಗೆಯ ಮನೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿ ಕೆಂಪಗೆ, ಸುಣ್ಣದ ಗೆರೆ ಹಲ್ಲಿನಷ್ಟು ಬೆಳ್ಳಗೆ. ಹೊತ್ತೇರಿದ ಮೇಲಿನ ಸಾಲುಗಳಿಗೆ ಬಂದಾಗ ಒಂದು ಸರಿ, ಒಂದು ಬಿಳಿಚಿದ್ದು. ಕಡೆಯ ಸಾಲು ಪಡುವಣ ತುದಿಯ ಕೇರಿಯದು, ನಡುಮಧ್ಯಾಹ್ನದ್ದು. ಅಲ್ಲಿ ಎಲ್ಲವೂ ಬಿಳಿಚಿಕೊಂಡಿದ್ದವು. ತಗಡಿನ ಮನೆಗಳು ಉರಿದುಹೋದ ಹಾಗೆ ಕಂಡವು. ಓಡುತ್ತಿದ್ದ ಒಂದು ಕೋಳಿ ಉದ್ದಕ್ಕೆ ಎಳೆದ ಬಿಳಿ ಗೀಟಾಗಿತ್ತು. ಹುಲಿಗೆಮ್ಮನ ಅಂಗಳ ಅದೇ ಸಾಲಿನಲ್ಲಿತ್ತು. ಒರಳು ಬೂದುಬಣ್ಣದ ಮಚ್ಚೆಯಂತೆ ಕಂಡಿತು. ಸುತ್ತಲಿನ ನೆಲ ಅನ್ನದ ಗಂಜಿ ಚೆಲ್ಲಿದಂತೆ. ಆ ಬಿಳಿಯಲ್ಲಿ ಬಿಳಿ ಗೆರೆ ಎಲ್ಲಿಂದ ಕಂಡೀತು?

ಸಂಜೆ ಸಾಹೇಬರು ಬಂದರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಶಟರು, ಬೆಳಕು, ಸಾಲು, ಇದೆಲ್ಲ ನನಗೆ ಅವರೇ ಕಲಿಸಿದ್ದು. ಸರಪಳಿ ಹಿಡಿದು ಹೊಲ ಅಳೆದ ಕಾಲದವರು. ಬೈದರೆ ಬಾಗಿಲ ಹೊರಗೆ ಕೇಳಬೇಕು, ಹೊಗಳಿದರೆ ಪಕ್ಕದವರಿಗೂ ಕೇಳಬಾರದು, ಅಂಥ ಗಂಟಲು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ.

“ಸಾಹೇಬ್ರ, ಇದು ಆ ಅಂಗಳ ನೋಡ್ರಿ. ಸಗಣಿ ಹಾಕಿ ಸಾರಿಸಿದ ನೆಲ ಇಷ್ಟ ಬೆಳ್ಳಗ ಇರ್ತದೇನ್ರಿ?”

ಅವರು ನೋಡಿದರು. ಹಿಂದಿನ ಫೋಟೋ, ಮುಂದಿನ ಫೋಟೋ ತಾವೇ ಒತ್ತಿ ಒತ್ತಿ ನೋಡಿದರು. ಕೆಲಸ ಕೊಟ್ಟವರು, ಬಾಡಿಗೆ ಕೊಡುವವರು, ಅಣ್ಣನಂಥವರು. ಅವರು ‘ಇದನ್ನ ಮುಚ್ಚು’ ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ, ದೇವರು ಆ ಪರೀಕ್ಷೆ ಕೊಡಲಿಲ್ಲ.

“ಈ ಸಾಲಿನ್ಯಾಗ ಇನ್ನ ಯಾರ್ ಯಾರ್ ಮನಿ ಅದಾವ?” ಎಂದರು.

“ಕೇರಿ ಪೂರ್ತಿ ಅದರಿ. ಉಳದವರ ಗೆರಿ ಗ್ವಾಡಿಗುಂಟ ಅದ, ಗ್ವಾಡಿ ಹೆಂಗೂ ಕಾಣ್ತದ. ಬಯಲಾಗ ಗೆರಿ ಇದ್ದದ್ದು ಈಕಿದೊಂದ.”

“ಹುಡುಗ ಅವತ್ತ ಹೇಳಿದ್ದ. ನಾನ ಮುಗಸು ಅಂದೆ.” ಪರದೆಯಿಂದ ಕಣ್ಣು ತೆಗೆದು, “ಸಾರಿಸಿದ್ಲು ಅಂತ ನಾನ ಬಾಯಿಬಿಟ್ಟೆ. ಈಗ ಊರ ಬಾಯಿ ನಾನ ಮುಚ್ಚಬೇಕು” ಎಂದರು. ಅಲ್ಲಿಯೇ ಕೂತು ಮೇಲಿನ ದಫ್ತರಕ್ಕೆ ಫೋನು ಹಚ್ಚಿದರು. ಆ ಕೇರಿಯ ಫೋಟೋ ಕೆಟ್ಟಿದೆ, ನಮ್ಮ ಕ್ಯಾಮೆರಾದ ಶಟರು ಸವೆದಿತ್ತು, ಮತ್ತೆ ಹಾರಿಸಿ ಕೊಡುತ್ತೇವೆ, ಸಹಿ ತಡೆಯಿರಿ ಎಂದರು. ಆ ಕಡೆಯವರು ಬಹಳ ಹೊತ್ತು ಕೂಗಾಡಿದರು. ಸಾಹೇಬರು ‘ಜೀ, ಜೀ’ ಎನ್ನುತ್ತಲೇ ಇದ್ದರು. ಕಡೆಗೆ ಅವರು ಹೇಳಿದ್ದು ಇಷ್ಟು: ತಕರಾರಿನ ಅವಧಿ ಬೆಳೆಸುವುದಿಲ್ಲ, ಅದರೊಳಗೆ ಹೊಸ ಫೋಟೋ ಬಂದರೆ ನೋಡೋಣ. ಗೆರೆ ಮತ್ತೆ ಹಾಕಿಸಬೇಕು, ಎರಡೂ ಕಡೆಯವರು ಒಪ್ಪಬೇಕು.

ಕ್ಯಾಮೆರಾ ಎಲ್ಲಿಂದ ತರುವುದು? ನಮ್ಮದು ಹೈದರಾಬಾದಿನಲ್ಲಿ. ದೇವದುರ್ಗದಲ್ಲಿ ಇದೇ ಕೆಲಸ ಮಾಡುವ ಇನ್ನೊಂದು ತಂಡವಿತ್ತು. ಅವರಿಗೂ ನಮಗೂ ಅಷ್ಟಕ್ಕಷ್ಟೆ. ಅಮರೇಶ ಹೋಗಿ ಕೇಳಿದ. ಅವರು ಕೆಣಕಿ ಕೆಣಕಿ ಕೊಟ್ಟರಂತೆ, “ನಿಮ್ಮ ಅತ್ತಿಗೆ ಹೇಳು, ಇದಕ್ಕ ಕುಂಕುಮ ಹಚ್ಚಬಾರದು” ಎಂದು. ಕೊಟ್ಟರಲ್ಲ, ಅದು ದೊಡ್ಡದು. ಅಮರೇಶ ಅದನ್ನು ಮಗುವಿನ ಹಾಗೆ ಎದೆಗೆ ಕಟ್ಟಿಕೊಂಡು ಬೈಕಿನ ಮೇಲೆ ಕವಿತಾಳಕ್ಕೆ ಬಂದ. ಸಾಹೇಬರು, ನಾನು ಜೀಪಿನಲ್ಲಿ ರಾಯಚೂರಿನಿಂದ ಹೊರಟು ಅಲ್ಲಿ ಅವನನ್ನು ಕೂಡಿಸಿಕೊಂಡೆವು. ಅಲ್ಲಿ ಒಂದೊಂದು ಮಿರ್ಚಿ, ಒಂದೊಂದು ಚಹಾ.

ಮಲ್ಲಟ ಮುಟ್ಟಿದಾಗ ಇನ್ನೂ ತಂಪು ಹೊತ್ತು. ಹುಲಿಗೆಮ್ಮ ಅಂಗಳ ಗುಡಿಸಿ, ಪುಟ್ಟಿಯಲ್ಲಿ ಸುಣ್ಣ ತುಂಬಿಟ್ಟು ನಿಂತಿದ್ದಳು. ಫೋನಿನಲ್ಲಿ ಕೇಳಿದ ದನಿಗೆ ಹೋಲಿಸಿದರೆ ಆಳು ಬಹಳ ಸಣ್ಣ. ಹಿರಿಯರು ಇಬ್ಬರು ಮೂವರು ಬಂದಿದ್ದರು. ಭೀಮಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಪುಟ್ಟಿಗೆ ಕೈಹಚ್ಚಲು ಕರೆದರೆ ಏಳಲಿಲ್ಲ.

“ನಕ್ಷೆದಾಗ ಬಂದದ್ದು ಬಂದದ. ಡ್ರೋಣು ಮ್ಯಾಲಿಂದ ನೋಡ್ಯಾದ, ದೇವರಂಗ. ಅದಕ್ಕ ಕಾಣಲಾರದ ಗೆರಿ ನಿಮಗೆಲ್ಲಿ ಕಂಡಿತ್ರಿ?”

ಸಾಹೇಬರು ಮುಂದೆ ಬಂದರು. “ಮ್ಯಾಲಿಂದ ನೋಡಿದ್ದು ದೇವರಲ್ಲಪಾ, ನನ್ನ ಕ್ಯಾಮೆರಾ. ಅದರ ಶಟರ ಸವದಿತ್ತು. ಸವದದ್ದು ಗೊತ್ತಿದ್ದೂ ಹಾರಿಸಿದಾಂವ ನಾನು. ಈ ಹೆಣ್ಣಮಗಳು ಗೆರಿ ಅಳಿಸಿಲ್ಲ. ಊರ ಮುಂದ ಹೇಳಾಕತ್ತೀನಿ, ನಾ ಅಂದದ್ದು ತಪ್ಪು.”

ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಭೀಮಣ್ಣ ಅಲುಗಲಿಲ್ಲ. “ನೀವು ತಪ್ಪಂದ್ರ ನಾ ಯಾಕ ಏಳ್ಲಿ? ನಾ ಕೈಹಚ್ಚಂಗಿಲ್ಲ.”

ಅಮರೇಶ ತಾಡಪತ್ರಿ ಹಾಸಿ ಅದರ ಮೇಲೆ ಡ್ರೋನು ಇಟ್ಟು ಕಾಯುತ್ತಿದ್ದ. ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬರುತ್ತಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರೇ ಹಾಕಿದ ಗೆರೆ ಗೆರೆಯಲ್ಲ ಎಂದವರು ಅವರೇ. ಆಗ ಭೀಮಣ್ಣನ ಮನೆಯ ಒಳಗಿಂದ ಅವನ ಹೆಂಡತಿ ನಾಗಮ್ಮ ಕೈಯ ಹಿಟ್ಟು ಜಾಡಿಸುತ್ತ ಹೊರಗೆ ಬಂದಳು. ಸೀದಾ ಹೋಗಿ ಪುಟ್ಟಿಯ ಇನ್ನೊಂದು ಕಡೆ ಹಿಡಿದಳು.

“ಏನ್ ಮಾಡಾಕತ್ತೀದಿ ಬೇ?” ಭೀಮಣ್ಣ ಕೂಗಿದ.

“ಹಿಂದಿನ ಸಲ ಮಾಡಿದ್ದನ್ನ ಮಾಡಾಕತ್ತೀನಿ. ಅವತ್ತೂ ಪುಟ್ಟಿ ಹಿಡದಾಕಿ ನಾನ. ನೀವು ಇದ ಕಟ್ಟಿ ಮ್ಯಾಲೆ ಬೀಡಿ ಸೇದಕೋತ ಕುಂತಿದ್ರಿ. ಮರ್ತೀರೇನು?”

“ಮನಿ ಯಜಮಾನ ಯಾರು? ನಾ, ನೀ?”

“ನೀವ. ಯಾರಿಲ್ಲಂದ್ರು? ನಾಳಿ ನೀವು ಇಲ್ಲದಾಗ, ನನ್ನ ಗೆರಿ ಹಾಕಾಕ ಯಾರ ಕೈ ಹಚ್ಚಬೇಕು? ಆಕಿ ಗಂಡನೂ ಯಜಮಾನ ಇದ್ದ.”

ಭೀಮಣ್ಣ ಕೈಯಲ್ಲಿದ್ದ ಬೀಡಿಯನ್ನು ಕಟ್ಟೆಗೆ ಒರೆಸಿ ಆರಿಸಿ, “ಮುಂಜ್ಮುಂಜಾನೆ ನನ್ನ ಸಾಯ್ಸಾಕ ನಿಂತಾಳ ನೋಡ್ರಿ ಈಕಿ” ಎಂದ. ಒಬ್ಬ ಮುದುಕಪ್ಪ ನಕ್ಕುಬಿಟ್ಟ. ಆ ನಗೆಗೆ ಎಲ್ಲರೂ ಸಡಿಲಾದರು. ಹಿರಿಯರು, “ಮನಿ ಹೆಣ್ಣಮಗಳು ಕೈಹಚ್ಚಿದ್ರ ಮನಿನ ಕೈಹಚ್ಚಿದಂಗ” ಎಂದು ತೀರ್ಮಾನ ಹೇಳಿದರು. ಓರಗಿತ್ತಿಯರಿಬ್ಬರೂ ಬಗ್ಗಿ, ಒರಳಿನಿಂದ ಮುಳ್ಳುಬೇಲಿಯ ತನಕ ನಡೆದರು. ಸುಣ್ಣ ಬೀಳುವ ಸದ್ದು ಕೇಳುತ್ತಿತ್ತು. ಗೆರೆ ಮುಗಿದ ಮೇಲೆ ಭೀಮಣ್ಣ ತಾನಾಗಿಯೇ ಎದ್ದು ಬಂದು ಒಂದು ಕಡೆ ಬಾಗಿ ನೋಡಿ, “ಇಲ್ಲಿ ಸ್ವಲ್ಪ ತೆಳ್ಳಗ ಬಿದ್ದದ” ಎಂದು ತಾನೇ ಒಂದು ಹಿಡಿ ಉದುರಿಸಿದ. ಯಾಕೆ ಹಾಕಿದನೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಕೆಳಗಿಟ್ಟು ಒಂದು ಫೋಟೋ ಹೊಡೆಸಿದೆವು. ಟಿಕ್. ಗರಿಗರಿ ಹಪ್ಪಳ ಮುರಿದ ಹಾಗೆ. ಡ್ರೋನು ಎದ್ದಿತು, ಕೇರಿಯ ಮೇಲೆ ಹೋಗಿ ಬಂತು. ಊರು ಬಿಡುವ ಮೊದಲೇ ಜೀಪಿನಲ್ಲಿ ಕೂತು ಎಲ್ಲ ಫೋಟೋ ನೋಡಿದೆ. ಕೆಲಸಕ್ಕೆ ಬರುವ ಹುಡುಗಿಯರೇ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಊರು ಬಿಟ್ಟ ಮೇಲೆ ನೋಡಿದ ಫೋಟೋ ನೋಡಿದಂತಲ್ಲ. ಧೂಳಿನ ಮೇಲಿಂದ ಹಾರಿಸಬೇಡಿ, ತಾಡಪತ್ರಿ ಹಾಸಿ. ಪ್ರತಿ ಸಲ ಏರಿಸುವ ಮೊದಲು ಶಟರಿನ ಸದ್ದು ಕೇಳಿ, ಬಿಸಿಲೇರಿದ ಮೇಲೆ ಇನ್ನೊಮ್ಮೆ ಕೇಳಿ. ಅನುಮಾನ ಬಂದರೆ ಇಳಿಸಿಬಿಡಿ. ದೊಡ್ಡವರು ಮುಗಿಸು ಎಂದರೂ ಇಳಿಸಿ. ಬೈಸಿಕೊಂಡ ಮೈಗೆ ಗಾಯವಾಗುವುದಿಲ್ಲ.

ಫೋಟೋದಲ್ಲಿ ಕಪ್ಪು ನೆಲದ ಮೇಲೆ ಗೆರೆ ಎಳೆದಿಟ್ಟ ಹಾಗೆ ಇತ್ತು. ಪರದೆಯನ್ನು ಹುಲಿಗೆಮ್ಮನಿಗೆ ತೋರಿಸಿದೆ. ಅವಳು ಬೆರಳು ಇಟ್ಟು ಒರಳಿನಿಂದ ಬೇಲಿಯ ತನಕ ತಿದ್ದಿದಳು. “ಇಷ್ಟ ಸಣ್ಣದು ಕಾಣ್ತದಲ್ಲ ಯಕ್ಕಾ, ಮ್ಯಾಲಿಂದ” ಎಂದಳು.

ಅವಧಿ ಮುಗಿಯುವ ಮುನ್ನ ಫೋಟೋಗಳು ಹೋದವು. ಆಮೇಲೆ ನಮ್ಮ ಕೈಯಲ್ಲಿ ಇರಲಿಲ್ಲ. ಮುಂದಿನ ಊರುಗಳ ಕೆಲಸ ಕೊಡುವುದೋ ಬೇಡವೋ ಎಂದು ಮೇಲಿನವರು ಸಾಹೇಬರನ್ನು ಬಹಳ ದಿನ ತೂಗಾಡಿಸಿದರು. ಕಡೆಗೆ ಚೀಕಲಪರ್ವಿ ಕಡೆಯ ಹೊಳೆದಂಡೆಯ ಊರುಗಳನ್ನು ಕೊಟ್ಟರು. ಹೈದರಾಬಾದಿನಿಂದ ನಮ್ಮ ಕ್ಯಾಮೆರಾ ಹೊಸ ಶಟರು ಹಾಕಿಸಿಕೊಂಡು ಬಂತು. ತೆಗೆದ ಹಳೆಯದನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕಳಿಸಿದ್ದರು. ನನ್ನ ಕುಂಕುಮ ಭರಣಿಯ ಬಾಯಷ್ಟೇ ಇತ್ತು ಅದು. ಪಟ್ಟಿಗಳ ಅಂಚು ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು, ಒಂದರ ಬುಡ ಸಡಿಲು. ಅಮರೇಶ ಭೂತಕನ್ನಡಿ ಹಿಡಿದು ಹುಡುಕಿ, “ಕುಂಕುಮ ಇಲ್ಲ ಅತ್ತಿ” ಎಂದ. ಮುಖ ಸಪ್ಪಗೆ ಮಾಡಿಕೊಂಡೇ ಹೇಳಿದ.

ನಕ್ಷೆಗೆ ಸಹಿ ಬಿತ್ತೆಂಬ ಸುದ್ದಿಯೂ ಬಂತು. ಹೇಳಿದವಳು ಹುಲಿಗೆಮ್ಮನೇ. ಯಾರದೋ ಫೋನಿನಿಂದ ಮಾಡಿದ್ದಳು, ಹಿಂದೆ ಕುರಿಗಳು ಒದರುತ್ತಿದ್ದವು.

“ಯಕ್ಕಾ, ಪತ್ರ ಕೈಯಾಗ ಬಂತು. ನನ್ನ ಹೆಸರು ಬರದಾರ, ಅಂಗಳ ಅರ್ಧ ಅಂತ.”

“ಭಾಳ ಚಲೋ ಆತವ್ವಾ. ದೇವರು ಕಣ್ಣು ತೆರದ.”

“ಒಂದು ಮಾತು ಕೇಳಬೇಕಿತ್ತು. ಗೆರಿ ಹಾಕಿದಾಗಿಂದ ನಾ ಅಂಗಳಕ್ಕ ನೀರೂ ಹೊಡದಿಲ್ಲ. ಅಮಾಸಿನೂ ಹಂಗ ಬಿಟ್ಟೆ. ಕುರಿನೂ ಬೇರೆ ಕಡಿಂದ ಹೊಡಕೊಂಡು ಹೋಗ್ತೀನಿ. ನಾಗಮ್ಮನೂ ದಾಟಂಗಿಲ್ಲ. ಈಗ ಸಾರಿಸಬಹುದೇನು? ಸಾರಿಸಿದ್ರ ಏನೂ ಆಗಂಗಿಲ್ಲ ಹೌದಿಲ್ಲೋ?”

ಇಷ್ಟು ದಿನ ಅಂಗಳ ಸಾರಿಸದೆ ಒಬ್ಬ ಹೆಣ್ಣುಮಗಳು ಹೇಗೆ ಇದ್ದಳೋ.

“ಸಾರಿಸವ್ವಾ. ದಂಡಿಯಾಗಿ ಸಾರಿಸು. ಏನೂ ಆಗಂಗಿಲ್ಲ.”

“ಹಂಗಾರ ಇಡ್ತೀನಿ ಯಕ್ಕಾ. ಸಗಣಿ ಕಲಸೀನಿ, ಒಣಗ್ತದ” ಎಂದು ಫೋನು ಇಟ್ಟೇಬಿಟ್ಟಳು.

ನಮ್ಮ ಓಣಿಗೆ ಅಷ್ಟರಲ್ಲಿ ನಳದ ನೀರು ಬಂದ ಗದ್ದಲ ಕೇಳಿತು. ನಾನು ಕೊಡ ತೆಗೆದುಕೊಂಡು ಹೋದೆ.